ಹಿಂದಿನ ಎಡ ಸ್ಪೀಕರ್

ಹೊನ್ನಾವರ
9-2-2005

ಲಿಂಗಪ್ಪ,

ಕಾಗದ ಯಾರದೆಂದು ತಿಳಿದ ಕೂಡಲೇ ಹರಿದು ಎಸೆಯಬೇಡ. ನಾಲ್ಕು ಸಾಲು ಓದಿ ಆಮೇಲೆ ಬೇಕಾದರೆ ಹರಿ.

ನಾವು ಮಾತು ಬಿಟ್ಟು ಐದು ವರ್ಷವಾಗುತ್ತಾ ಬಂತು. ಇಡಗುಂಜಿಯ ಮಧುಸೂದನ ಭಟ್ಟರ ಮಗಳ ಮದುವೆಯಲ್ಲಿ ನಿನ್ನ ಮೈಕ್ ಸೆಟ್ ನಡುವೆಯೇ ನಿಂತುಹೋಯಿತು. ಭಟ್ಟರು ತುಂಬಿದ ಚಪ್ಪರದಲ್ಲಿ ನಿನಗೆ ಬಾಯಿಗೆ ಬಂದ ಹಾಗೆ ಬೈದರು. ನಾನು ಕ್ಯಾಮರಾ ಹಿಡಿದುಕೊಂಡು ತುಟಿ ಪಿಟಕ್ಕೆನ್ನದೆ ನಿಂತಿದ್ದೆ. ನೀನು ಸೆಟ್ಟನ್ನು ಅಟ್ಟಕ್ಕೆ ಹಾಕಿ ತದಡಿಯ ಐಸ್ ಫ್ಯಾಕ್ಟರಿ ಸೇರಿದೆ. ಆಮೇಲೆ ನಿನ್ನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಈಗ ಬರೆಯುತ್ತಿರುವುದು ನನ್ನ ಕಷ್ಟಕ್ಕೆ. ನನ್ನ ಎಡಗಿವಿ ಹೋಗಿದೆ. ಹೋದ ಮಳೆಗಾಲದಲ್ಲಿ ಜ್ವರ ಬಂತು, ಜ್ವರ ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ನರ ಸತ್ತಿದೆ, ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಇದು ಹೆಂಡತಿ ವಿನುತಾಳಿಗೂ ಗೊತ್ತಿಲ್ಲ. ಕಿವುಡ ವಿಡಿಯೋದವನನ್ನು ಯಾರು ಮದುವೆಗೆ ಕರೆಯುತ್ತಾರೆ ಹೇಳು. ನಿನಗೆ ಹೇಳಲು ಕಾರಣ ಒಂದೇ. ನನ್ನ ಹೆಸರನ್ನೇ ಬಾಯಲ್ಲಿ ತರುವುದಿಲ್ಲ ಎಂದು ಶಪಥ ಮಾಡಿದವನು ನೀನು. ಗುಟ್ಟು ಇಡಲು ಅಷ್ಟು ಭದ್ರವಾದ ಜಾಗ ಈ ತಾಲೂಕಿನಲ್ಲಿ ಇನ್ನೊಂದಿಲ್ಲ.

ವಿಷಯ ಹೀಗಿದೆ. ಭಟ್ಕಳದಲ್ಲಿ ಗಲ್ಫಿನಿಂದ ಬಂದವರ ಮನೆಗಳಲ್ಲೆಲ್ಲ ಈಗ ಹೋಮ್ ಥಿಯೇಟರ್. ಎದುರಿಗೆ ಮೂರು ಸ್ಪೀಕರ್, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಗುಡುಗುವುದಕ್ಕೆ ಒಂದು ಡಬ್ಬ. ಅಲ್ಲಿ ಜಾಲಿ ಊರಿನ ಒಂದು ಮನೆಯಲ್ಲಿ ಕೂತು ನೋಡಿದೆ, ತಲೆ ತಿರುಗಿತು. ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡಿ, ಮಂತ್ರ ಎದುರಿನಿಂದ, ವಾದ್ಯ ಬದಿಯಿಂದ, ಊಟದ ಗದ್ದಲ ಹಿಂದಿನಿಂದ ಬರುವ ಹಾಗೆ ಮಾಡಿಕೊಡುತ್ತೇನೆ ಎಂದು ಬೋರ್ಡು ಬರೆಸಿಬಿಟ್ಟೆ. ಡಿಸ್ಕ್ ಹಾಕಿದ ಕೂಡಲೇ ಬರುವ ಮೆನು ಕೂಡ ಸುಮ್ಮನೆ ನಿಲ್ಲುವುದಿಲ್ಲ, ಕುಣಿಯುತ್ತದೆ. ಬೋರ್ಡು ನೋಡಿ ಮೊದಲು ಬಂದವರು ಯಾರು ಗೊತ್ತೇ? ಅದೇ ಭಟ್ಟರು. ಮಗಳು ಸಂಪದಾಳ ಮದುವೆಗೆ ಮೇ ಹದಿನಾಲ್ಕಕ್ಕೆ ಐದು ವರ್ಷ, ಆ ದಿನಕ್ಕೆ ಡಿಸ್ಕ್ ಬೇಕು.

ಕುಣಿಸುವುದಕ್ಕೆ ನನಗೆ ಕಣ್ಣಿದೆ. ಆರು ಕಡೆಯ ಶಬ್ದ ತೂಗುವುದಕ್ಕೆ ಎರಡು ಕಿವಿ ಬೇಕು. ನಿನ್ನದು ಕೊಡುತ್ತೀಯಾ?

ಮೋಹನ

*

ತದಡಿ
17-2-2005

ಮೋಹನ,

ಹರಿಯಲಿಲ್ಲ. ಕಿವಿಯ ಸುದ್ದಿ ಓದಿ ಬೇಜಾರಾಯಿತು, ಅದು ನಿಜ. ಉಳಿದದ್ದಕ್ಕೆ ಏನು ಹೇಳಲಿ?

ನಾನು ದಿನವಿಡೀ ಐಸ್ ಒಡೆಯುವ ಯಂತ್ರದ ಬಳಿ ಇರುತ್ತೇನೆ. ಫೋನು ಇದೆ, ಅದರಲ್ಲಿ ಮಾತಾಡಿದವರಿಗೆ ಯಂತ್ರದ ಸದ್ದಷ್ಟೇ ಕೇಳುತ್ತದೆ. ಆದ್ದರಿಂದ ಬರೆಯುವುದಿದ್ದರೆ ಬರೆ.

ಆ ದಿನದ ಮಾತು ನೀನೇ ಎತ್ತಿದೆ. ಹಾಗಾಗಿ ಹೇಳುತ್ತೇನೆ. ಭಟ್ಟರು ಬೈದದ್ದು ನನಗೆ ಅಷ್ಟು ನೋಯಲಿಲ್ಲ. ಮದುವೆಮನೆಯಲ್ಲಿ ಮೈಕು ಕೆಟ್ಟರೆ ಯಾರಾದರೂ ಬೈಯುತ್ತಾರೆ. ನೀನು "ಪಾಪ, ಯಂತ್ರ ಅಲ್ದಾ ಭಟ್ರೇ" ಎಂದು ಒಂದು ಮಾತು ಆಡಲಿಲ್ಲವಲ್ಲ, ಅದು ನೋಯಿತು. ಇನ್ನೊಂದು, ಆಂಪ್ಲಿಫಯರನ್ನು ಅಲ್ಲೇ ನೆಲದ ಮೇಲೆ ಬಿಚ್ಚಿ ನೋಡಿದೆ. ಮನೆಗೆ ತಂದು ಹತ್ತು ಸಲ ನೋಡಿದೆ. ಎಲ್ಲ ಬೆಸುಗೆ ಸರಿ ಇತ್ತು. ತಾನೇ ನಿಂತು ತಾನೇ ಶುರುವಾಗಿತ್ತು. ದೋಷ ಎಲ್ಲಿ ಎಂದು ಗೊತ್ತಾಗದ ಸಾಮಾನನ್ನು ಇನ್ನೊಬ್ಬರ ಶುಭಕಾರ್ಯಕ್ಕೆ ಹೇಗೆ ಒಯ್ಯುವುದು? ಹಾಗಾಗಿ ಬಿಟ್ಟೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಯಿತು.

ಒಂದು ಡಿಸ್ಕ್ ಕಳಿಸು. ನಿನಗಾಗಿ ಅಲ್ಲ, ಈ ಆರು ಕಡೆಯ ಶಬ್ದ ಎಂತದು ನೋಡುವ ಎಂದು.

ಲಿಂಗಪ್ಪ

*

ಹೊನ್ನಾವರ
22-2-2005

ಲಿಂಗಪ್ಪ,

ಬಸ್ಸಿನ ಕಂಡಕ್ಟರ್ ರಾಮನ ಕೈಯಲ್ಲಿ ಕಟ್ಟು ಕಳಿಸಿದ್ದೇನೆ, ಕುಮಟಾ ಸ್ಟ್ಯಾಂಡಿನಲ್ಲಿ ಇಸಿದುಕೋ. ಒಳಗಿರುವುದು ಚೈನಾ ಪ್ಲೇಯರ್. ನೋಡಲು ತಗಡು ಡಬ್ಬ, ಹಿಂದೆ ಮಾತ್ರ ಆರು ತೂತುಗಳಿವೆ, ಒಂದೊಂದಕ್ಕೆ ಒಂದೊಂದು ಸ್ಪೀಕರ್ ಸಿಕ್ಕಿಸಬಹುದು. ನಿನ್ನ ಅಟ್ಟದ ಮೇಲೆ ಸ್ಪೀಕರ್ ಪೆಟ್ಟಿಗೆಗಳು ಇವೆಯಲ್ಲ, ಕೆಳಗಿಳಿಸು.

ಡಿಸ್ಕಿನಲ್ಲಿರುವುದು ಕಾಸರಕೋಡಿನ ಒಂದು ನಾಮಕರಣ. ಮೆನು ನೋಡು! ತೊಟ್ಟಿಲು ತೂಗುತ್ತದೆ, ಸುತ್ತ ಒಂಬತ್ತು ಬಲೂನು ಹಾರುತ್ತವೆ, ಪ್ರತಿ ಬಲೂನಿನೊಳಗೆ ಒಂದು ಚಿಕ್ಕ ವಿಡಿಯೋ ಓಡುತ್ತಿರುತ್ತದೆ. ಮೂವತ್ತು ಸೆಕೆಂಡಿಗೆ ಮುಗಿದು ಮತ್ತೆ ಮೊದಲಿನಿಂದ ಶುರು. ಈ ಮೂವತ್ತು ಸೆಕೆಂಡಿಗೆ ಕಂಪ್ಯೂಟರು ಆರು ತಾಸು ತಿನ್ನುತ್ತದೆ, ಐದನೇ ತಾಸಿಗೆ ಕರೆಂಟು ಹೋಗುತ್ತದೆ. ಮೂರು ದಿನ ಹೀಗೇ ಆಯಿತು. ವಿನುತಾ ಕೇಳುತ್ತಾಳೆ, "ಎಂತಕ್ಕೆ ಹೀಗೆ ಸುಟ್ಟ ಬೆಕ್ಕಿನ ಹಾಂಗೆ ತಿರುಗ್ತ್ರಿ? ಕೂತ್ಕಣಿ ಮಾರಾಯ್ರೆ." ಕೂರಲು ಆಗುವುದಿಲ್ಲ. ಭಟ್ಕಳದಲ್ಲಿ ಇನ್ನೊಬ್ಬ ಇದೇ ಕೆಲಸ ಶುರುಮಾಡಿದ್ದಾನಂತೆ. ಅವನಿಗೆ ಎರಡೂ ಕಿವಿ ಇವೆ.

ಬೇಗ ಬರೆ.

ಮೋಹನ

*

ತದಡಿ
13-3-2005

ಮೋಹನ,

ಪೆಟ್ಟಿಗೆಗಳಲ್ಲಿ ಎರಡಕ್ಕೆ ಇಲಿ ಹೊಕ್ಕಿತ್ತು. ಸರಿಮಾಡಲು ಮೂರು ಭಾನುವಾರ ಹಿಡಿಯಿತು. ಅಮ್ಮನ ಕೋಣೆಯ ಸುತ್ತ ಆರನ್ನೂ ಇಟ್ಟು ನಡುವೆ ಕೂತು ಕೇಳಿದೆ.

ಎಲ್ಲ ಬಲಗಡೆಗೆ ವಾಲಿದೆ, ಲೋಡು ಸರಿಯಾಗಿ ತುಂಬದ ದೋಣಿಯ ಹಾಗೆ. ಎಡಗಡೆ ನಿನಗೆ ಕೇಳುವುದಿಲ್ಲವಾದ್ದರಿಂದ ಬೇಕಾದದ್ದನ್ನೆಲ್ಲ ಈಚೆ ತಂದು ಸುರಿದಿದ್ದೀಯ. ಮಗು ಎದುರಿನ ತೊಟ್ಟಿಲಿನಲ್ಲಿದೆ, ಅಳು ಮಾತ್ರ ನನ್ನ ಬೆನ್ನ ಹಿಂದೆ ಬಲಕ್ಕೆ, ಯಾರೋ ಮಗುವನ್ನು ಎತ್ತಿಕೊಂಡು ಓಡಿದ ಹಾಗೆ. ಅಮ್ಮ ತಿರುಗಿ ತಿರುಗಿ ನೋಡಿದಳು. ಅಳುವನ್ನು ನಡುವಿನ ಸ್ಪೀಕರಿಗೆ ತಾ. ಹೆಂಗಸರ ಹಾಡನ್ನು ಎದುರು ಎಡಕ್ಕೆ ಇಡು, ಅವರು ಕೂತದ್ದು ಅಲ್ಲಿ. ಹಿಂದಿನ ಎರಡಕ್ಕೆ ಗುಜುಗುಜು ಮಾತ್ರ ಸಾಕು. ಗುಡುಗುವ ಡಬ್ಬಕ್ಕೆ ನಾಮಕರಣದಲ್ಲಿ ಏನು ಕೆಲಸ? ತೆಗೆ.

ಬಲೂನು ಅತಿಯಾಯಿತು.

ಮತ್ತೊಂದು ಇದ್ದರೆ ಕಳಿಸು.

ಲಿಂಗಪ್ಪ

*

ಹೊನ್ನಾವರ
18-3-2005

ಲಿಂಗಪ್ಪ,

ನೀನು ಹೇಳಿದ ಹಾಗೆಯೇ ಮಾಡಿದೆ. ಕಾಸರಕೋಡಿನವರು ಡಿಸ್ಕ್ ನೋಡಿ ಅಂಗಡಿಗೆ ಬಂದು ಕೈ ಹಿಡಿದುಕೊಂಡರು. ನಿನ್ನ ಹೆಸರು ಹೇಳಬೇಕೆಂದು ಬಾಯಿಯವರೆಗೆ ಬಂತು, ಹೇಳಿದರೆ ಇನ್ನೊಬ್ಬರ ಕಿವಿ ಏಕೆ ಬೇಕಾಯಿತು ಎಂದು ಕೇಳುತ್ತಾರಲ್ಲ, ನುಂಗಿದೆ.

ಭಟ್ಟರ ಮನೆಗೆ ಹೋಗಿ ಬಂದೆ. ಅವರೂ ಕುಮಟಾದಿಂದ ಹೋಮ್ ಥಿಯೇಟರ್ ತಂದಿದ್ದಾರೆ. ಎದುರಿನ ಮೂರು ಹಜಾರದಲ್ಲಿ ಸರಿಯಾಗಿಯೇ ಇವೆ. ಹಿಂದಿನ ಎರಡು ಎಲ್ಲಿ ಎಂದು ಹುಡುಕಿದರೆ, ಅಡುಗೆಮನೆಯಲ್ಲಿ! ಒಂದು ಒಲೆಯ ಮೇಲೆ, ಒಂದು ಒರಳಿನ ಪಕ್ಕದ ಗೋಡೆಗೆ. ಭಟ್ಟರ ಹೆಂಡತಿ ಸುಮತಿಯಮ್ಮನ ಅಪ್ಪಣೆಯಂತೆ. "ಗಂಡಸ್ರಿಗೆ ಮೂರು, ಎಂಗಕ್ಕೆ ಎರಡು. ಐದೂ ಹೊರಗೇ ಇಟ್ಗಂಡ್ರೆ ಒಳಗಿದ್ದವು ಎಂತ ಕೇಳವು?" ಎಂದರಂತೆ. ಕೂತವರ ಬೆನ್ನ ಹಿಂದೆ ಇಡಬೇಕಮ್ಮ ಎಂದು ನಾನು ಹೇಳಿದೆ. "ಅಡುಗೆಮನೆ ಹಜಾರದ ಬೆನ್ನ ಹಿಂದೇ ಇದ್ದಲಾ" ಎಂದು ನನ್ನ ಬಾಯಿ ಮುಚ್ಚಿಸಿದರು. ಹೆಂಗಸರಿಗೆ ಬರೀ ಗುಜುಗುಜು ಕೇಳಲಿದೆ, ನನ್ನ ಗಂಟೇನು ಹೋಗುತ್ತದೆ ಎಂದು ಬಂದೆ.

ಆ ಮದುವೆಯ ಮೂಲ ಕ್ಯಾಸೆಟ್ಟುಗಳ ಶಬ್ದವನ್ನು, ಎಡ ಬೇರೆ ಬಲ ಬೇರೆ ಮಾಡಿ, ಡಿಸ್ಕಿಗೆ ಹಾಕಿ ಕಳಿಸುತ್ತಿದ್ದೇನೆ. ಬಲಗಡೆಯದು ಕ್ಯಾಮರಾದ್ದು. ಎಡಗಡೆಯದು, ಹೆಂಗಸರ ಹಾಡಿಗೆಂದು ನಾನು ಚಪ್ಪರದ ಸ್ವಿಚ್ ಬೋರ್ಡು ಇದ್ದ ಕಂಬಕ್ಕೆ ಕಟ್ಟಿದ್ದ ಬೇರೆ ಮೈಕಿನದು. ಅದರಲ್ಲಿ ಏನೇನಿದೆಯೋ ನನ್ನ ಒಂದೇ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ, ನೀನೇ ಕೇಳಿ ಬರೆ. ಮೂರನೆಯ ಕ್ಯಾಸೆಟ್ಟಿನ ಕೊನೆ ಮಾತ್ರ ಬಿಡು. ನಿನ್ನ ಸೆಟ್ ನಿಂತ ಜಾಗ ಅದು. ಆಗಲೂ ಅಲ್ಲಿಗೆ ಹಾಡು ಹಾಕಿ ಮುಚ್ಚಿದ್ದೆ, ಈಗಲೂ ಹಾಕುತ್ತೇನೆ. ಸುಮ್ಮನೆ ನಿನಗೆ ಬೇಜಾರು.

ಮೋಹನ

*

ಹೊನ್ನಾವರ
11-4-2005

ಲಿಂಗಪ್ಪ,

ಇದು ಮೂರನೆಯ ಕಾಗದ. ಮೊದಲಿನೆರಡಕ್ಕೆ ಉತ್ತರವಿಲ್ಲ. ರಾಮನ ಬಸ್ಸು ಬರುವ ಹೊತ್ತಿಗೆ ದಿನವೂ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತೇನೆ. ಅವನು ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ, ಇಲ್ಲ ಎಂದು. ಡಿಸ್ಕ್ ನಿನ್ನ ಕೈಗೇ ಕೊಟ್ಟಿದ್ದೇನೆ ಎಂದು ಗಣಪತಿಯ ಆಣೆ ಹಾಕಿದ.

ಜಡ್ಡೋ? ಬೋಟುಗಳ ಗಡಿಬಿಡಿಯೋ? ಇನ್ನು ಒಂದು ತಿಂಗಳಿದೆ. ಮೆನು ಮಾತ್ರ ಆಗಿದೆ: ಕಾಲುದೀಪ ತಿರುಗುತ್ತದೆ, ಐದು ಬತ್ತಿಗಳಲ್ಲಿ ಐದು ದೃಶ್ಯ. ಶಬ್ದ ಏನೂ ಆಗಿಲ್ಲ. ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಹೋಗಿ ಬಲಗಿವಿ ಕೊಟ್ಟು ಕೊಟ್ಟು ಕುತ್ತಿಗೆ ಹಿಡಿದುಕೊಂಡಿದೆ. ಬೈಯುವುದಿದ್ದರೂ ಬೈದು ಬರೆ. ಈ ಮೌನ ನನ್ನಿಂದ ತಡೆಯಲಾಗುತ್ತಿಲ್ಲ.

ಮೋಹನ

*

ತದಡಿ
16-4-2005

ಮೋಹನ,

ಜಡ್ಡೇನಿಲ್ಲ. ಮೂರನೆಯ ಕ್ಯಾಸೆಟ್ಟಿನ ಕೊನೆ ಕೇಳಿದೆ. ಬಿಡು ಎಂದು ನೀನು ಬರೆಯದಿದ್ದರೆ ಅಷ್ಟು ಲಕ್ಷ್ಯ ಕೊಡುತ್ತಿರಲಿಲ್ಲವೇನೋ.

ಹೆಂಗಸರು ಹಾಡುತ್ತಿದ್ದಾರೆ. ನನ್ನ ಮೈಕು ಕುಂಯ್ ಎನ್ನುತ್ತದೆ. ಎಡಗಡೆಯಲ್ಲಿ ಟಕ್ ಎಂದು ಒಂದು ಸದ್ದು. ಕುಂಯ್ ನಿಲ್ಲುತ್ತದೆ. ಕಂಬದ ಬಳಿ ಒಬ್ಬ ತನ್ನಷ್ಟಕ್ಕೆ ಹೇಳುತ್ತಾನೆ: "ವೈರ್ ತೆಗ್ದೆ. ಇನ್ನು ಇವ್ನ ಬೊಬ್ಬೆ ಇಲ್ಲ." ಹಾಡು ಮುಗಿಯುತ್ತದೆ. ಮತ್ತೆ ಟಕ್. ದೂರದಲ್ಲಿ ಭಟ್ಟರ ಬೈಗುಳ. ಅದರ ನಡುವೆ ನನ್ನ ಧ್ವನಿ, "ಗೊತ್ತಾಗ್ತಾ ಇಲ್ಲ ಭಟ್ರೇ, ಎಂತ ಆತು ಗೊತ್ತಾಗ್ತಾ ಇಲ್ಲ."

ಆ ಧ್ವನಿ ಯಾರದು ಎಂದು ನಿನಗೆ ಹೇಳಬೇಕೇ? ನಿನಗೆ ಒಬ್ಬನೇ ಮಾತಾಡುವ ಚಾಳಿ ಮೊದಲಿನಿಂದಲೂ ಇದೆ.

ಹನ್ನೊಂದು ಸಲ ಕೇಳಿದೆ. ನಿನ್ನ ಮಾತಿಗಲ್ಲ. ನನ್ನ ಮಾತಿಗೆ. ಐದು ವರ್ಷ ನಾನು ನನ್ನ ಕೈಯನ್ನು ಬೈದುಕೊಂಡೆ. ಮೊದಮೊದಲು ಮನೆಯ ಫ್ಯೂಸು ಹಾಕಲೂ ಹೆದರುತ್ತಿದ್ದೆ, ಅದು ನಿನಗೆ ಗೊತ್ತೇ?

ಲಿಂಗಪ್ಪ

*

ಹೊನ್ನಾವರ
19-4-2005

ಲಿಂಗಪ್ಪ,

ಹೌದು. ನಾನೇ.

ಹಾಡು ಹಾಳಾಗುತ್ತದೆ ಎಂಬ ಸಿಟ್ಟಿನಲ್ಲಿ ಎಳೆದೆ. ಎರಡು ನಿಮಿಷದಲ್ಲಿ ಮತ್ತೆ ಸಿಕ್ಕಿಸಿದರಾಯಿತು ಎಂದಿದ್ದೆ, ಸಿಕ್ಕಿಸಿದೆ ಕೂಡ. ಅಷ್ಟರಲ್ಲಿ ಭಟ್ಟರು ಶುರುಮಾಡಿದರು. ಆಗ ಬಾಯಿ ಬಿಟ್ಟಿದ್ದರೆ ಬೈಗುಳ ನನಗೆ ಬೀಳುತ್ತಿತ್ತು, ಅಷ್ಟೇ ಇತ್ತು. ಅಷ್ಟಕ್ಕೂ ಹೆದರಿದೆ. ಮಾರನೇ ದಿನ ಹೇಳೋಣ ಎಂದೆ, ಮಾರನೇ ದಿನ ಇನ್ನಷ್ಟು ಕಷ್ಟವಾಯಿತು. ಆಮೇಲೆ ನೀನು ಹೊನ್ನಾವರ ಬಿಟ್ಟ ಸುದ್ದಿ ಬಂತು. ಕ್ಯಾಸೆಟ್ಟಿನ ಆ ಜಾಗವನ್ನು ಆಗ ಕೇಳದೆಯೇ ಹಾಡಿನಿಂದ ಮುಚ್ಚಿದ್ದೆ, ಕಂಬದ ಮೈಕು ನನ್ನ ಮಾತನ್ನೂ ಹಿಡಿದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಮಾಡಿದ್ದು ಹೇಡಿತನ. ಇದಕ್ಕೆ ಬೇರೆ ಹೆಸರಿಲ್ಲ.

ನೀನು ನನ್ನ ಕಿವಿಯ ವಿಷಯ ಊರಿಗೆ ಸಾರಿದರೂ ನಾನು ಮಾತಾಡುವುದಿಲ್ಲ. ಏನು ಮಾಡಲಿ ಹೇಳು, ಮಾಡುತ್ತೇನೆ.

ಮೋಹನ

*

ತದಡಿ
25-4-2005

ಮೋಹನ,

ನಿನ್ನ ಕಿವಿಯನ್ನು ಮಾರಿ ನನಗೆ ಆಗಬೇಕಾದ್ದೇನಿಲ್ಲ.

ಆ ಜಾಗಕ್ಕೆ ಹಾಡು ಹಾಕಬೇಡ. ಟಕ್ ಎಂದದ್ದು, ನೀನು ಹೇಳಿದ್ದು, ಎರಡೂ ಡಿಸ್ಕಿನಲ್ಲಿ ಇರಲಿ. ಎದುರಿನ ಸ್ಪೀಕರಿನಲ್ಲಿ ಇಡು. ಭಟ್ಟರ ಮನೆಯವರು ಕೇಳಬೇಕು. ನಾನಾಗಿ ಅಲ್ಲಿಗೆ ಹೋಗಿ ಹೇಳುವುದಿಲ್ಲ.

ಉಳಿದ ಶಬ್ದವನ್ನು ಹೇಗೆ ಇಡಬೇಕೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಏಳು ಪುಟ ಇದೆ. ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು ನನಗೆ ಗೊತ್ತಿಲ್ಲ.

ಲಿಂಗಪ್ಪ

*

ಹೊನ್ನಾವರ
16-5-2005

ಲಿಂಗಪ್ಪ,

ಮೊದಲಿನಿಂದ ಹೇಳುತ್ತೇನೆ. ಇದನ್ನು ಬರೆಯುವಾಗ ನಾಲ್ಕು ಸಲ ಎದ್ದು ಶರಾವತಿ ಸೇತುವೆಯವರೆಗೆ ಹೋಗಿ ಬಂದಿದ್ದೇನೆ.

ನಿನ್ನ ಮಾತಿನ ಹಾಗೆ ಎದುರಿನ ಸ್ಪೀಕರಿನಲ್ಲಿ ಇಟ್ಟೆ. ಬಲಗಿವಿ ಕೊಟ್ಟು ಕೇಳಿದೆ. ನನ್ನ ಮಾತು ನನಗೇ ಕೇಳಿತು. ತೆಗೆದೆ. ಮತ್ತೆ ಇಟ್ಟೆ. ಮತ್ತೆ ತೆಗೆದೆ. ಕೊನೆಗೆ ಕಳ್ಳಬುದ್ಧಿ ಮಾಡಿದೆ. ಡಿಸ್ಕಿನಲ್ಲಿ ಇರಬೇಕು ಎಂದಲ್ಲವೇ ನೀನು ಹೇಳಿದ್ದು? ಅದನ್ನು ಮದುವೆಯೊಳಗಿಂದ ತೆಗೆದು ಮೆನುವಿಗೆ ಹಾಕಿದೆ. ದೀಪ ತಿರುಗುವ ಆ ಮೂವತ್ತು ಸೆಕೆಂಡಿನ ಅಡಿಯಲ್ಲಿ, ಹಿಂದಿನ ಎಡ ಸ್ಪೀಕರಿನಲ್ಲಿ. ಮೆನುವಿನಲ್ಲಿ ಯಾರು ನಿಲ್ಲುತ್ತಾರೆ? ಡಿಸ್ಕ್ ಹಾಕಿದವನು ಗುಂಡಿ ಒತ್ತಿ ಮುಂದೆ ಹೋಗುತ್ತಾನೆ. ನಿನಗೆ ಕೊಟ್ಟ ಮಾತೂ ಉಳಿಯಿತು, ನನ್ನ ಮಾನವೂ ಉಳಿಯಿತು ಎಂದುಕೊಂಡೆ. ಹಿಂದಿನ ಸ್ಪೀಕರ್ ಎಲ್ಲಿದೆ ಎಂಬುದು ಆ ಗಡಿಬಿಡಿಯಲ್ಲಿ ತಲೆಯಿಂದಲೇ ಹೋಗಿತ್ತು.

ಮೊನ್ನೆ ಸಂಜೆ ನಾನೂ ವಿನುತಾಳೂ ಹೋದೆವು. ಹಜಾರದ ತುಂಬ ನೆಂಟರು. ಡಿಸ್ಕ್ ಹಾಕಿದೆ, ದೀಪ ತಿರುಗತೊಡಗಿತು, ಎಲ್ಲರೂ ಹೋ ಎಂದರು. ಗುಂಡಿ ಒತ್ತಲು ಹೋದೆ. ಭಟ್ಟರು, "ತಡಿ ಮೋಹನಾ, ಅಳಿಯ ಬರ್ಲಿ. ಇದೇ ಚೆಂದ ಉಂಟು, ಇರ್ಲಿ" ಎಂದರು. ಅಳಿಯನ ಬಸ್ಸು ಘಟ್ಟದಲ್ಲಿ ನಿಂತಿತ್ತಂತೆ. ಮುಕ್ಕಾಲು ತಾಸು, ಲಿಂಗಪ್ಪ. ಮುಕ್ಕಾಲು ತಾಸು ಆ ದೀಪ ತಿರುಗಿತು.

ಹಜಾರದಲ್ಲಿ ಸಣ್ಣಗೆ ವಾದ್ಯ ಮಾತ್ರ. ಗಂಡಸರು ಅಡಿಕೆ ದರ ಮಾತಾಡುತ್ತಿದ್ದರು. ನಾನು ರಿಮೋಟ್ ಹಿಡಿದೇ ಕೂತಿದ್ದೆ. ಅಡುಗೆಮನೆಯ ಬಾಗಿಲಿನಿಂದ ಸುಮತಿಯಮ್ಮ ಸೌಟು ಹಿಡಿದೇ ಹೊರಗೆ ಬಂದರು. "ಅದೆಂತದು ಒಳಗೆ? ಅಂವ ಯಾರೋ ಒಂದೇ ಸಮನೆ 'ವೈರ್ ತೆಗ್ದೆ, ವೈರ್ ತೆಗ್ದೆ' ಹೇಳ್ತಾ ಇದ್ದ. ತಲೆ ಚಿಟ್ಟು ಹಿಡತ್ತು." ಅವರ ಹಿಂದೆ ಒಬ್ಬೊಬ್ಬರಾಗಿ ಹೆಂಗಸರು ಬಂದರು. ಕೊನೆಯಲ್ಲಿ ಸಂಪದಾ. ಅವಳು ನನ್ನ ಮುಖವನ್ನೇ ನೋಡುತ್ತಾ, "ಮೋಹನಣ್ಣ, ಅದು ನಿಮ್ಮ ಧ್ವನಿ" ಎಂದಳು.

ಅಲ್ಲ ಎನ್ನಬಹುದಿತ್ತು. ಬಾಯಿಯಲ್ಲಿ ಸುಳ್ಳು ತಯಾರೂ ಆಗಿತ್ತು. ಆದರೆ ಒಳಗೆ ಅದು ಮತ್ತೆ ಮತ್ತೆ ಹೇಳುತ್ತಲೇ ಇತ್ತಲ್ಲ, ಎಷ್ಟು ಸಲ ಅಲ್ಲ ಎನ್ನಲಿ? ಎದ್ದು ನಿಂತು ಹೇಳಿಬಿಟ್ಟೆ. ಆ ದಿನ ಲಿಂಗಪ್ಪನ ಸೆಟ್ ಕೆಡಲಿಲ್ಲ, ನಾನು ವೈರ್ ಎಳೆದೆ ಎಂದೆ.

ಎಲ್ಲರೂ ಏನನ್ನೋ ಕಾಯುವ ಹಾಗೆ ಏಕೆ ನನ್ನನ್ನೇ ನೋಡುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ವಿನುತಾ ನನ್ನ ತೋಳು ಜಗ್ಗಿ, "ಭಟ್ರು ಕೇಳ್ತಾ ಇದ್ರು, ಉತ್ರ ಕೊಡಿ" ಎಂದಳು. ಭಟ್ಟರು ನನ್ನ ಎಡಕ್ಕೆ ನಿಂತು ಆಗಿನಿಂದ ಮಾತಾಡುತ್ತಿದ್ದರಂತೆ. ಆಗ ಅದನ್ನೂ ಹೇಳಿದೆ. "ನಂಗೆ ಎಡಗಿವಿ ಕೇಳೂದಿಲ್ಲ ಭಟ್ರೇ. ಈಚೆ ಬಂದು ಹೇಳಿ."

ಮುದುಕ ನಿಧಾನ ಬಲಗಡೆಗೆ ಬಂದರು. ಬೈಯಲಿಲ್ಲ. "ನಾನು ಅವನನ್ನು ಊಟದ ಪಂಕ್ತಿಯಿಂದ ಎಬ್ಬಿಸಿ ಕಳಿಸಿದೆ. ಮಗಳ ಮದುವೆ ದಿನ ಒಬ್ಬನನ್ನು ಉಪವಾಸ ಕಳಿಸಿದೆ. ನೀನು ನೋಡ್ತಾ ಇದ್ದೆ" ಎಂದರು.

 ಮನೆಗೆ ಬಂದ ಮೇಲೆ ವಿನುತಾ ಅತ್ತಳು. "ಹತ್ತು ತಿಂಗಳಿಂದ ನಾ ಕೇಳಿದ್ದಕ್ಕೆ ನೀವು ಓ ಅನ್ನಲ್ಲ. ನನ್ನ ಮೇಲೆ ಮನಸ್ಸಿಲ್ಲ ಅಂತ ತಿಳ್ಕಂಡಿದ್ದೆ" ಎಂದಳು. ನಾನು ಅವಳ ವಿಷಯ ಯೋಚನೆಯನ್ನೇ ಮಾಡಿರಲಿಲ್ಲ.

ಸುದ್ದಿ ಹೊನ್ನಾವರ ಮುಟ್ಟಿದೆ. ಈ ತಿಂಗಳ ಕೊನೆಯ ಎರಡು ಮದುವೆಯವರು ಬೇರೆಯವರನ್ನು ನೋಡಿಕೊಂಡರು. ನೀನು ಎದುರಿನಲ್ಲಿ ಇಡು ಎಂದಿದ್ದೆ, ನಾನು ಹಿಂದೆ ಬಚ್ಚಿಟ್ಟೆ. ಆದ್ದರಿಂದ ಇದನ್ನು ನನ್ನ ಧೈರ್ಯದ ಲೆಕ್ಕಕ್ಕೆ ಹಿಡಿಯಬೇಡ.

ಮೋಹನ

*

ತದಡಿ
12-6-2005

ಮೋಹನ,

ಭಟ್ಟರು ಬಂದಿದ್ದರು. ಎರಡು ಬಸ್ಸು ಬದಲಿಸಿ, ಈ ಮಳೆಯಲ್ಲಿ, ಕೊಡೆ ಹಿಡಿದುಕೊಂಡು ಫ್ಯಾಕ್ಟರಿಯ ಒಳಗೇ ಬಂದು ನನ್ನೆದುರು ನಿಂತರು. ಯಂತ್ರ ಓಡುತ್ತಿತ್ತು. ಅವರ ತುಟಿ ಅಲ್ಲಾಡುವುದು ಕಂಡಿತು, ಒಂದಕ್ಷರ ಕೇಳಲಿಲ್ಲ. ಯಂತ್ರ ನಿಲ್ಲಿಸಿ ಇನ್ನೊಮ್ಮೆ ಹೇಳಿಸಬಹುದಿತ್ತು. ಆ ವಯಸ್ಸಿನವರ ಬಾಯಲ್ಲಿ ಎರಡು ಸಲ ಹೇಳಿಸುವುದು ಸರಿ ಎನಿಸಲಿಲ್ಲ. ಮನೆಗೆ ಕರೆದುಕೊಂಡು ಹೋದೆ. ಅಮ್ಮ ಚಹಾ ಕೊಟ್ಟಳು. ಶ್ರಾವಣದಲ್ಲಿ ಅವರ ಮನೆಯಲ್ಲಿ ಪೂಜೆಯಂತೆ, ಸೆಟ್ ತರಬೇಕಂತೆ. ನೋಡುತ್ತೇನೆ ಎಂದಿದ್ದೇನೆ.

ನಿನ್ನ ಕಾಗದ ಓದಿ ಅಡುಗೆಮನೆಯ ವಿಷಯಕ್ಕೆ ನಗು ಬಂತು. ನಗಬಾರದೆಂದು ಕೂತಿದ್ದೆ, ಆದರೂ ಬಂತು.

ನಿನ್ನನ್ನು ಕ್ಷಮಿಸಿದೆ ಎಂದು ಬರೆಯಲು ಮೂರು ಸಲ ಕೂತೆ. ಕೈ ಓಡುವುದಿಲ್ಲ. ಆಗದ್ದನ್ನು ಆಯಿತು ಎಂದು ಬರೆದರೆ ನಮ್ಮಿಬ್ಬರ ನಡುವೆ ಇನ್ನೊಂದು ಸುಳ್ಳು ಸೇರುತ್ತದೆ. ಮುಂದೆ ಎಂದಾದರೂ ಆಗಬಹುದು, ಆಗದೆಯೂ ಇರಬಹುದು.

ನಿನ್ನ ಬಳಿ ಬೇರೆ ಕ್ಯಾಸೆಟ್ಟುಗಳು ಇದ್ದರೆ ರಾಮನ ಕೈಯಲ್ಲಿ ಕಳಿಸು. ಬಲಗಡೆಯದನ್ನು ನೀನು ನೋಡಿಕೋ. ಎಡಗಡೆಯದು ನನಗಿರಲಿ.

ಲಿಂಗಪ್ಪ